ಹಳೆ ವಿಮಾನ ಶೆಡ್ಡಿನ ಹಿಂದೆ ಬೋರ್‌ವೆಲ್: ಮೊದಲು ನೀರಿನ ವರದಿ ತೋರಿಸಲಿ

ಸಿ-14: ಎಲ್ಲರೂ ಗಮನಿಸಿ. ಶೆಡ್ಡಿನ ಹಿಂದಿನ ಖಾಲಿ ಜಾಗಕ್ಕೆ ಬೋರ್‌ವೆಲ್ ಲಾರಿ ಬಂದು ನಿಂತಿದೆ. ತರಕಾರಿ ತೋಟಕ್ಕೆ ನೀರು ಬೇಕಂತೆ. ತೋಟ ನನಗೂ ಬೇಕು. ಆದರೆ ನಮ್ಮ ಮನೆಗಳಿರುವ ಈ ಜಾಗ ವಾಯುನೆಲೆ ಆಗಿದ್ದಾಗಿನ ನಕಾಶೆ ತೆಗೆದು ನೋಡಿ. ಅದೇ ಜಾಗಕ್ಕೆ ‘ಬೆಂಕಿ ಆರಿಸುವ ತರಬೇತಿ ಗುಂಡಿ’ ಅಂತ ಬರೆದಿದೆ.

ಎ-3: ಸೇನೆಯವರು ಹೋಗಿ ಎಷ್ಟು ವರ್ಷ ಆಯಿತು ಸರ್. ಇಷ್ಟು ಮಳೆಗೆ ಎಲ್ಲ ತೊಳೆದು ಹೋಗಿರುತ್ತದೆ, ಅಲ್ವಾ?

ಸಿ-14: ತೊಳೆದು ಎಲ್ಲಿಗೆ ಹೋಗುತ್ತದೆ? ಕೆಳಗೆ ಅಂತರ್ಜಲಕ್ಕೇ ತಾನೆ?

ಡಿ-7: ನಾನು ಮಣ್ಣು, ನೀರು ಪರೀಕ್ಷಿಸುವ ಲ್ಯಾಬ್‌ನಲ್ಲಿ ಇದ್ದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. 1970ರ ದಶಕದಿಂದ ಎಷ್ಟೋ ವಾಯುನೆಲೆಗಳಲ್ಲಿ ಇಂಧನದ ಬೆಂಕಿ ಆರಿಸಲು ಪಿಎಫ್‌ಎಎಸ್ ಅನ್ನುವ ಕೃತಕ ರಾಸಾಯನಿಕಗಳಿರುವ ನೊರೆ ಬಳಸಿದ್ದಾರೆ. ತರಬೇತಿ ಗುಂಡಿಯಲ್ಲಂತೂ ಮತ್ತೆ ಮತ್ತೆ ಬೆಂಕಿ ಹಚ್ಚಿ ಅದನ್ನೇ ಸುರಿಯುವುದು. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ. ಇನ್ನು ವಿಮಾನದ ಬಿಡಿಭಾಗಗಳ ಗ್ರೀಸ್ ತೊಳೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಅನ್ನುವ ದ್ರವ. ನೀರಿಗಿಂತ ಭಾರ, ಆಳಕ್ಕೆ ಇಳಿದು ಕೂರುತ್ತದೆ. ಪಂಪ್ ಶುರು ಮಾಡಿದರೆ ಅಕ್ಕಪಕ್ಕದ ಕೊಳಕು ನೀರನ್ನೂ ಇತ್ತ ಎಳೆದುಕೊಳ್ಳುತ್ತದೆ. ‘ಎಷ್ಟು ವರ್ಷ ಆಯಿತು’ ಅಂದಿರಲ್ಲ, ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್ ಸೇನಾ ನೆಲೆ ಮುಚ್ಚಿದ್ದು 1994ರಲ್ಲಿ. ಅಲ್ಲಿನ ಅಂತರ್ಜಲ ಶುದ್ಧ ಮಾಡುವ ಕೆಲಸ ಆಮೇಲೂ ದಶಕಗಟ್ಟಲೆ ನಡೆದಿದೆ. ಇಂಥ ಜಾಗ ಮಾರುವಾಗ ಬಾವಿ ತೋಡಬಾರದು ಅಂತ ಷರತ್ತು ಹಾಕುವುದುಂಟು. ನಿಮ್ಮ ನಿಮ್ಮ ಕ್ರಯಪತ್ರ ನೋಡಿ.

ಬಿ-9: ಇದೆ ಮೇಡಂ! ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಸಹಿ ಹಾಕುವಾಗ ಯಾರು ಓದಿದ್ದೆವು ಹೇಳಿ.

ಎ-3: ಇದನ್ನೆಲ್ಲ ಹೀಗೆ ಊರಿಗೇ ಕೇಳುವ ಹಾಗೆ ಹೇಳಬೇಕಾ? ನಾಳೆ ಮನೆ ಮಾರಬೇಕಾದರೆ?

ಬಿ-9: ಕೊಳ್ಳುವವರೂ ಅದೇ ಪತ್ರ ಓದುತ್ತಾರೆ ಸರ್. ನಮ್ಮ ಹಾಗೆ ಸುಮ್ನೆ ಸಹಿ ಹಾಕಲಿಕ್ಕಿಲ್ಲ.

ಸಿ-14: ನಾಳೆ ಸಂಜೆಯೊಳಗೆ ಅರ್ಜಿ ಕೊಡೋಣ. ಮೂರೇ ಬೇಡಿಕೆ: ಶುದ್ಧೀಕರಣದ ಪೂರ್ತಿ ವರದಿ, ಆ ಜಾಗದ ಮಣ್ಣು–ನೀರಿನ ಹೊಸ ಪರೀಕ್ಷೆ, ಅಲ್ಲಿಯವರೆಗೆ ಕೊರೆಯುವುದು ಬಂದ್. ಬರೀ ‘ಸುರಕ್ಷಿತವಾಗಿದೆ’ ಅಂತ ಪತ್ರ ಕೊಟ್ಟರೆ ಸಾಲದು. ಪಿಎಫ್‌ಎಎಸ್‌ಗೆ ಬೇರೆಯೇ ಪರೀಕ್ಷೆ ಮಾಡಿಸಬೇಕು, ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ.

ಬಿ-9: ತೋಟದ ಕಥೆ?

ಡಿ-7: ಎತ್ತರದ ಮಡಿ ಕಟ್ಟಿ, ತಳಕ್ಕೆ ದಪ್ಪ ಹಾಳೆ ಹಾಸಿ, ಹೊರಗಿನ ಮಣ್ಣು ತುಂಬಿ. ನಲ್ಲಿ ನೀರು ಹಾಕಿದರಾಯಿತು.

ಎ-3: ಲಾರಿಯವರ ಹತ್ತಿರ ಹೋಗಿ ಬಂದೆ. ಬರೆದು ಕೊಟ್ಟರೆ ನಿಲ್ಲಿಸುತ್ತಾರಂತೆ. ಬೆಳಿಗ್ಗೆ ಏಳಕ್ಕೆ ಕೆಲಸ ಶುರುವಂತೆ, ಅಷ್ಟರೊಳಗೆ ಯಾರು ಬರುತ್ತೀರಿ?