ಹಳೇ ಗ್ರೈಂಡರ್ ರಿಪೇರಿ ಮಾಡಿಸೋದಾ, ಕೊಟ್ಟು ಟೇಬಲ್ ಟಾಪ್ ತರೋದಾ?

ಹಾಸನದ ಸೊಸೆ

ನಮ್ಮ ಮನೆಯಲ್ಲಿ 1996ರಲ್ಲಿ ತಂದ ಕೊಯಮತ್ತೂರು ಗ್ರೈಂಡರ್ ಇದೆ. ಐದು ಲೀಟರಿನದು, ಬೆಲ್ಟ್ ಇರುವ ಹಳೇ ಮಾದರಿ, ನಡುವೆ ದಪ್ಪ ಗುಂಡುಕಲ್ಲು. ಈಗ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಡ್ರಮ್ಮನ್ನು ಕೈಯಿಂದ ಒಂದು ಸಲ ತಳ್ಳಿದರೆ ಹೊರಡುತ್ತದೆ, ಆಮೇಲೆ ಹಿಟ್ಟು ಆಗುವವರೆಗೂ ನಿಲ್ಲುವುದಿಲ್ಲ. ಅಂಗಡಿಯವರು ಫೋನಿನಲ್ಲೇ "ಮೋಟಾರ್ ಹೋಗಿದೆ, ಕೊಟ್ಟು ಹೊಸದು ತಗೊಳ್ಳಿ, ಕರೆಂಟೂ ಉಳಿಯುತ್ತೆ" ಅಂದರು. ನಮ್ಮವರಿಗೂ ಅದೇ ಇಷ್ಟ, ಅಡುಗೆಮನೆಯಲ್ಲಿ ಜಾಗ ಆಗುತ್ತದೆ ಅಂತ. ಅತ್ತೆಗೆ ಮಾತ್ರ ಕೊಡಲು ಸುತರಾಂ ಮನಸ್ಸಿಲ್ಲ. ಅವರಿಗೆ 70 ದಾಟಿದೆ, ಈಗಲೂ ರುಬ್ಬುವುದು ಅವರೇ. ಇದರಲ್ಲಿ ಉದ್ದು ಅರಳುವ ಹಾಗೆ ಮೇಜಿನ ಮೇಲಿಡುವ ಸಣ್ಣ ಟೇಬಲ್ ಟಾಪ್ ಗ್ರೈಂಡರಿನಲ್ಲಿ ಅರಳುತ್ತಾ? ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ವೈಂಡಿಂಗ್ ಅಂಗಡಿ, ತಿಪಟೂರು

ತಳ್ಳಿದರೆ ಓಡುತ್ತದೆ ಅಂದರೆ ಮೋಟಾರ್ ಹೋಗಿಲ್ಲ ಮೇಡಂ. ನೋಡದೆ ಹಾಗೆ ಹೇಳಬಾರದು ಅವರು. ಸಿಂಗಲ್ ಫೇಸ್ ಮೋಟಾರಿಗೆ ಹೊರಡುವಾಗ ಒಂದು ನೂಕು ಬೇಕು, ಅದನ್ನು ಕೊಡುವುದು ಕೆಪಾಸಿಟರ್. ನನ್ನ ಹತ್ತಿರ ಹೀಗೆ ಗುಂಯ್ ಅಂತ ಬರುವ ಗ್ರೈಂಡರುಗಳಲ್ಲಿ ಜಾಸ್ತಿ ಅದೇ ಹೋಗಿರುತ್ತದೆ. ನೂರು, ಇನ್ನೂರು ರೂಪಾಯಿ ಸಾಮಾನು. ಹಳೆಯದರ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಅಷ್ಟರದ್ದೇ ಹಾಕಿಸಿ. ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿದ್ದು ಶಾಕ್ ಹೊಡೆಯಬಹುದು.

ಕೈಯಿಂದ ತಳ್ಳಿ ಓಡಿಸುವುದನ್ನು ಇವತ್ತೇ ನಿಲ್ಲಿಸಿ. ತಿರುಗದೆ ಗುಂಯ್ ಅಂತ ನಿಂತಷ್ಟು ಹೊತ್ತೂ ಮೋಟಾರಿನ ಒಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್, ಬಿಸಿಯಾಗುತ್ತಿರುತ್ತದೆ, ಸುಟ್ಟರೆ ಆಗ ನಿಜವಾಗಲೂ ದೊಡ್ಡ ಖರ್ಚು, ಬೆರಳಿಗೆ ಅಪಾಯ ಬೇರೆ. ಕೆಪಾಸಿಟರ್ ಹಾಕಿದರೂ ಆಗದಿದ್ದರೆ ಬೇರಿಂಗ್ ಬಿಗಿಯಾಗಿದೆಯಾ, ಮೋಟಾರಿನ ಒಳಗೆ ಸ್ಟಾರ್ಟಿಂಗ್ ಸ್ವಿಚ್ ಇದ್ದರೆ ಅದು ಸರಿ ಇದೆಯಾ ನೋಡಿಸಿ. ಒದ್ದೆ ಕೈಯಲ್ಲಿ ಮುಟ್ಟುವ ಮೆಷಿನ್ ಅದು, ಅರ್ತಿಂಗ್ ಕೂಡ ಚೆಕ್ ಮಾಡಿಸಿ.

ಕರೆಂಟ್ ಉಳಿಯುತ್ತೆ ಅನ್ನೋದು ದೊಡ್ಡ ಮಾತಲ್ಲ. ಅರ್ಧ ಹೆಚ್‌ಪಿ ಮೋಟಾರ್ ಅಂತಲೇ ಇಟ್ಟುಕೊಳ್ಳಿ, ಅರ್ಧ ಗಂಟೆ ಓಡಿದರೆ ಕಾಲು ಯೂನಿಟ್ ಆಸುಪಾಸು. ವಾರಕ್ಕೆ ಎರಡು ಸಲ ರುಬ್ಬುವವರಿಗೆ ಅದರಲ್ಲಿ ಏನು ಉಳಿಯುತ್ತೆ?

ಕುಂದಾಪುರದ ಅಡುಗೆಮನೆ

ನಮ್ಮಲ್ಲಿ ಎರಡೂ ಇವೆ. ಟೇಬಲ್ ಟಾಪಿನಲ್ಲೂ ಕಲ್ಲೇ ಇರುವುದು, ಉದ್ದು ಚೆನ್ನಾಗಿಯೇ ಅರಳುತ್ತದೆ, ಆ ಭಯ ಬೇಡ. ಅರಳದೆ ಇರುವುದು ಮಿಕ್ಸಿಯಲ್ಲಿ. ಅದರ ಬ್ಲೇಡು ನಿಮಿಷಕ್ಕೆ ಸುಮಾರು 18,000 ಸುತ್ತು ಹೊಡೆಯುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಕಲ್ಲು ನಿಧಾನಕ್ಕೆ ಅರೆಯುವುದರಿಂದ ಗಾಳಿ ಸೇರಿ ಹಿಟ್ಟು ಉಬ್ಬುತ್ತದೆ. ಒಂದು ಚಿಟಿಕೆ ನೀರಿಗೆ ಹಾಕಿ ನೋಡಿ, ತೇಲಿದರೆ ಉದ್ದು ಸರಿಯಾಗಿ ಆಗಿದೆ ಅಂತ.

ವ್ಯತ್ಯಾಸ ಕಾಣುವುದು ಜಾಸ್ತಿ ಹಾಕಿದಾಗ. ನಾವು ಮೀನು ಸಾರಿಗೆ ಕಾಯಿ, ಮೆಣಸು, ಕೊತ್ತಂಬರಿ ಎಲ್ಲ ಗ್ರೈಂಡರಿನಲ್ಲೇ ಅರೆಯುವವರು. ಹಬ್ಬಕ್ಕೆ ಹತ್ತಿಪ್ಪತ್ತು ಜನ ಬಂದರೆ ಎರಡು ಲೀಟರಿನದರಲ್ಲಿ ಮತ್ತೆ ಮತ್ತೆ ಹಾಕುತ್ತಾ ನಿಂತಿರಬೇಕು. ಸಣ್ಣದರಲ್ಲಿ ಪ್ಲಾಸ್ಟಿಕ್ ಭಾಗಗಳು ಜಾಸ್ತಿ, ಸವೆಯುತ್ತವೆ. ತಗೊಳ್ಳುವ ಮೊದಲು ನಿಮ್ಮೂರಲ್ಲಿ ಅದರ ಬಿಡಿಭಾಗ ಸಿಗುತ್ತಾ ಕೇಳಿ.

ರಾಜಾಜಿನಗರ ಅಮ್ಮ

ಎಲ್ಲರೂ ಮೆಷಿನ್ನಿನ ಬಗ್ಗೆಯೇ ಹೇಳಿದಿರಿ, ನನಗೆ ಅತ್ತೆಯ ಕೈಯದೇ ಯೋಚನೆ. ಆ ಗುಂಡುಕಲ್ಲನ್ನು ಹಿಟ್ಟು ಮೆತ್ತಿಕೊಂಡಾಗ ಎತ್ತಿ ನೋಡಿದ್ದೀರಾ? ಜಾರುತ್ತದೆ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಯಿಂದ ಸುತ್ತ ಬಳಿಯಬೇಕು, ಆಮೇಲೆ ಬಗ್ಗಿ ಡ್ರಮ್ಮಿನ ತಳದಿಂದ ಹಿಟ್ಟು ತೋಡಬೇಕು, ತೊಳೆದ ನೀರನ್ನು ಲೋಟದಲ್ಲಿ ಮೊಗೆದು, ಉಳಿದದ್ದನ್ನು ಬಟ್ಟೆಯಲ್ಲಿ ಹೀರಿಸಿ ತೆಗೆಯಬೇಕು. ನಮ್ಮ ಅತ್ತೆಗೆ ಮಣಿಕಟ್ಟು ಊದಿದ್ದು ಇದರಿಂದಲೇ, ಅವರಾಗಿ ಒಂದು ದಿನವೂ ಹೇಳಲಿಲ್ಲ. ಕೊಡಬೇಕಾ ಇಡಬೇಕಾ ಅಂತ ಕೇಳಿದರೆ ನಿಮ್ಮ ಅತ್ತೆಯೂ ಇಡಿ ಅಂತಲೇ ಹೇಳುತ್ತಾರೆ. ಯಾವ ಕೆಲಸ ಕಷ್ಟ ಆಗುತ್ತೆ ಅಂತ ಕೇಳಿ. ಕಲ್ಲು ಎತ್ತುವುದೇ ಕಷ್ಟ ಅಂದರೆ ಬಗ್ಗಿಸಿ ಸುರಿಯುವ ಟಿಲ್ಟಿಂಗ್ ಗ್ರೈಂಡರ್ ಕೂಡ ಸಿಗುತ್ತೆ.

ಹಾಸನದ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯನ್ನು ಹಾಗೇ ಕೇಳಿದೆ. ರುಬ್ಬುವುದೇನೂ ಕಷ್ಟ ಇಲ್ಲವಂತೆ, ತೊಳೆಯುವುದೇ ಆಗುತ್ತಿಲ್ಲವಂತೆ, ಕಲ್ಲು ಎತ್ತುವಾಗ ಹೆದರಿಕೆ ಆಗುತ್ತದಂತೆ. ಇನ್ನು ಕಲ್ಲು ಎತ್ತುವುದು, ತೊಳೆಯುವುದು ನಾನು ಅಥವಾ ನಮ್ಮವರು, ಅವರೂ ಒಪ್ಪಿದ್ದಾರೆ. ಕೆಪಾಸಿಟರ್ ಹಾಕಿಸಿ ಇದನ್ನೇ ಇಟ್ಟುಕೊಳ್ಳುತ್ತೇವೆ. ವಾರದ ದೋಸೆಗೆ ಒಂದು ಸಣ್ಣದು ಬೇಕಾ ಅಂತ ದೀಪಾವಳಿ ಹೊತ್ತಿಗೆ ನೋಡೋಣ. ಬೆಲ್ಟಿನಲ್ಲೂ ಬಿರುಕು ಕಾಣುತ್ತಿದೆ, ಮೇಲೆ ಎ 38 ಅಂತ ಇದೆ. ಅಂಗಡಿಯಲ್ಲಿ ಅಷ್ಟು ಹೇಳಿದರೆ ಸಾಕಲ್ವಾ?

ವೈಂಡಿಂಗ್ ಅಂಗಡಿ, ತಿಪಟೂರು

ಸಾಕು. ಆದರೂ ಹಳೇ ಬೆಲ್ಟನ್ನು ಜೊತೆಗೆ ತಗೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ ತನ್ನಿ.