ಟೈಟಾನಿಯಂ ಇಂಪ್ಲಾಂಟ್ ಮೇಲ್ಮೈ: ಐದು ವಾರಗಳಲ್ಲಿ ಸ್ಪರ್ಶಕೋನ ಏರಿದ್ದೇಕೆ?

ಪ್ರಶ್ನೆ (ಲೋಹಶಾಸ್ತ್ರದ ಎಂ.ಟೆಕ್. ವಿದ್ಯಾರ್ಥಿನಿ)

ನಮಸ್ಕಾರ. ಮೂಳೆಯೊಳಗೆ ಕೂರಿಸುವ ಇಂಪ್ಲಾಂಟ್‌ಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ (ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ) ಬಿಲ್ಲೆಗಳ ಮೇಲೆ ನನ್ನ ಪ್ರಾಜೆಕ್ಟ್ ನಡೆಯುತ್ತಿದೆ. ಬಿಲ್ಲೆಗಳನ್ನು ಎಮರಿ ಹಾಳೆಯಲ್ಲಿ ಉಜ್ಜಿ, ಫಾಸ್ಫರಿಕ್ ಆಮ್ಲದಲ್ಲಿ 30 ವೋಲ್ಟ್‌ಗೆ ಆನೋಡೈಸ್ ಮಾಡಿದಾಗ (ವಿದ್ಯುತ್ ಹರಿಸಿ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸಿದಾಗ) ಸೊಗಸಾದ ನೀಲಿ ಬಣ್ಣ ಬಂದಿತು. ಅಂದೇ ನೀರಿನ ಹನಿ ಇಟ್ಟು ಅಳೆದ ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನ; ಅದು ಕಡಿಮೆಯಿದ್ದಷ್ಟೂ ನೀರು ಚೆನ್ನಾಗಿ ಹರಡುತ್ತದೆ) ಸುಮಾರು 15 ಡಿಗ್ರಿ ಇತ್ತು. ಅದೇ ಬಿಲ್ಲೆಗಳನ್ನು ಜಿಪ್ ಕವರಿನಲ್ಲಿ ಐದು ವಾರ ಇಟ್ಟು ಮತ್ತೆ ಅಳೆದರೆ ಕೋನ 65 ಡಿಗ್ರಿ ದಾಟಿದೆ. ಬಣ್ಣ ಮಾತ್ರ ಇದ್ದ ಹಾಗೆಯೇ ಇದೆ. ನನ್ನ ಆನೋಡೈಸಿಂಗ್ ಕೆಟ್ಟಿದೆಯೆಂದು ತಿಳಿಯಬೇಕೇ? ಇದನ್ನು ಕೈಬಿಟ್ಟು ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಲೇಪನಕ್ಕೋ ಕ್ಷಾರ ಸಂಸ್ಕರಣೆಗೋ ಹೋಗುವಂತೆ ಗೈಡ್ ಸೂಚಿಸಿದ್ದಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಜೈವಿಕ ವಸ್ತುಗಳ ಸಂಶೋಧಕ)

ನಿಮ್ಮ ಆಕ್ಸೈಡ್ ಪದರ ಕೆಟ್ಟಿಲ್ಲ, ಅದರ ಮೇಲೆ ಗಾಳಿಯ ಕೊಳೆ ಕೂತಿದೆ. ಬಣ್ಣ ಬದಲಾಗದಿರುವುದೇ ಇದಕ್ಕೆ ಒಂದು ಸಾಕ್ಷಿ. ಆ ನೀಲಿ ಯಾವುದೇ ಬಣ್ಣದ ವಸ್ತುವಿನಿಂದ ಬಂದದ್ದಲ್ಲ. ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಪಾರದರ್ಶಕ ಪದರದ ಮೇಲ್ಭಾಗದಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಸೇರುವ ವ್ಯತಿಕರಣದಿಂದ ಬಂದದ್ದು. ಪದರದ ದಪ್ಪ ಹಾಗೆಯೇ ಉಳಿದಿರುವುದರಿಂದ ಬಣ್ಣವೂ ಉಳಿದಿದೆ.

ಆಗ ತಾನೇ ಸಿದ್ಧವಾದ ಟೈಟಾನಿಯಂ ಡೈಆಕ್ಸೈಡ್ ಮೇಲ್ಮೈಗೆ ಶಕ್ತಿ ಹೆಚ್ಚು. ಅದು ಗಾಳಿಯಲ್ಲಿರುವ ಹೈಡ್ರೋಕಾರ್ಬನ್ ಅಣುಗಳನ್ನು ಎಳೆದುಕೊಂಡು ದಿನೇ ದಿನೇ ಜಲವಿರೋಧಿಯಾಗುತ್ತದೆ. ಸಂಶೋಧನಾ ಲೇಖನಗಳು ಇದನ್ನು ಟೈಟಾನಿಯಂನ ಜೈವಿಕ ಮುಪ್ಪು ಎಂಬರ್ಥದಲ್ಲಿ ಕರೆಯುತ್ತವೆ. ಪ್ಲಾಸ್ಟಿಕ್ ಕವರು ತಾನೂ ಅಂಥ ಅಣುಗಳನ್ನು ಬಿಡಬಲ್ಲದು, ಆದ್ದರಿಂದ ಅದನ್ನು ರಕ್ಷಣೆಯೆಂದು ಎಣಿಸಬೇಡಿ. ಇಂಪ್ಲಾಂಟ್ ರಕ್ತವನ್ನು ಸೋಕಿದೊಡನೆ ಮೊದಲು ನೀರು, ಅನಂತರ ಫೈಬ್ರೊನೆಕ್ಟಿನ್‌ನಂಥ ಪ್ರೋಟೀನುಗಳು, ಆಮೇಲಷ್ಟೇ ಜೀವಕೋಶಗಳು ಅದನ್ನು ತಲುಪುತ್ತವೆ. ಹೀಗಾಗಿ ಜೀವಕೋಶ ಭೇಟಿಯಾಗುವುದು ಲೋಹವನ್ನಲ್ಲ, ಆ ಪ್ರೋಟೀನು ಹಾಸನ್ನು. ಆ ಹಾಸು ಹೇಗೆ ಕೂರುತ್ತದೆ ಎಂಬುದರಲ್ಲಿ ನೀವು ಅಳೆದ ಕೋನಕ್ಕೂ ಪಾತ್ರವಿದೆ. ಇದೇ ಕಾರಣಕ್ಕೆ ಕೆಲವು ದಂತ ಇಂಪ್ಲಾಂಟ್‌ಗಳನ್ನು ಗಾಳಿ ತಾಕದಂತೆ ಲವಣ ದ್ರಾವಣದಲ್ಲಿಯೇ ಮುಳುಗಿಸಿ ಮಾರುತ್ತಾರೆ.

ಒಂದು ಬಿಲ್ಲೆಯನ್ನು ನೇರಳಾತೀತ ಬೆಳಕಿನಡಿ ಇಟ್ಟು ಮತ್ತೆ ಅಳೆಯಿರಿ. ಕೋನ ಇಳಿದರೆ ನಿಮ್ಮ ಅನುಮಾನ ತೀರುತ್ತದೆ. ಮುಂದೆ ವರದಿಯಲ್ಲಿ ಕೋನದ ಪಕ್ಕದಲ್ಲಿಯೇ ಬಿಲ್ಲೆಯ ವಯಸ್ಸನ್ನೂ ಬರೆಯಿರಿ. ಅದಿಲ್ಲದ ಸಂಖ್ಯೆಗೆ ನಾನಂತೂ ಬೆಲೆ ಕೊಡುವುದಿಲ್ಲ.

ಉತ್ತರ 2 (ದಂತವೈದ್ಯೆ)

ಮೇಲಿನ ಉತ್ತರವನ್ನು ಒಪ್ಪುತ್ತಲೇ ಚಿಕಿತ್ಸೆಯ ಕಡೆಯಿಂದ ಒಂದು ಮಾತು. ದಂತ ಇಂಪ್ಲಾಂಟ್ ಸಂಶೋಧಕ, ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1965ರಲ್ಲಿ ತಮ್ಮ ಮೊದಲ ರೋಗಿಗೆ ಕೂರಿಸಿದ ತಿರುಪುಗಳು ಲೇಥಿನಲ್ಲಿ ಕಡೆದ, ಹೆಚ್ಚು ಕಡಿಮೆ ನಯವಾದ ಟೈಟಾನಿಯಂ ತಿರುಪುಗಳು. ಅವೂ ಮೂಳೆಯೊಡನೆ ಬೆಸೆದುಕೊಂಡವು, ಆದರೆ ಹಲವು ತಿಂಗಳು ಭಾರ ಹಾಕದೆ ಕಾಯಬೇಕಿತ್ತು. ಅನಂತರ ಬಂದ, ಅಲ್ಯೂಮಿನಾ ಕಣಗಳನ್ನು ರಭಸದಿಂದ ಬಡಿಸಿ ಆಮ್ಲದಲ್ಲಿ ಕೊರೆದ ಮೇಲ್ಮೈಗಳು ಒಂದೆರಡು ಮೈಕ್ರೋಮೀಟರಿನ ಒರಟುತನದಿಂದ ಆ ಕಾಯುವಿಕೆಯನ್ನು ಬಹಳಷ್ಟು ಕಡಿಮೆ ಮಾಡಿದವು. ಹಾಗೆಂದು ಒರಟು ಹೆಚ್ಚಿದಷ್ಟೂ ಒಳ್ಳೆಯದಲ್ಲ. ಒಸಡು ಜಾರಿ ಒರಟು ಭಾಗ ಬಾಯಿಗೆ ತೆರೆದುಕೊಂಡರೆ ಅಲ್ಲಿ ಬ್ಯಾಕ್ಟೀರಿಯಾ ಪದರ ಕಟ್ಟಿಕೊಳ್ಳುತ್ತದೆ, ಅದನ್ನು ಉಜ್ಜಿ ತೆಗೆಯುವುದು ನಮಗೆ ನಿಜಕ್ಕೂ ತಲೆನೋವು. ಮೂಳೆ ಹಿಡಿಯುವ ಹಿಡಿತವನ್ನೇ ಸೂಕ್ಷ್ಮಾಣುಗಳೂ ಹಿಡಿಯುತ್ತವೆ. ನಿಮ್ಮ ಬಿಲ್ಲೆ ಇಂಪ್ಲಾಂಟ್‌ನ ಯಾವ ಭಾಗವನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ.

ಉತ್ತರ 3 (ನಿವೃತ್ತ ಲೋಹಶಾಸ್ತ್ರ ಪ್ರಾಧ್ಯಾಪಕ)

ಗೈಡ್ ಹೇಳಿದ ಎರಡು ದಾರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ಲಾಸ್ಮಾ ಸ್ಪ್ರೇಯಿಂದ (ವಿಪರೀತ ಕಾದ ಅನಿಲದ ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಎರಚುವುದರಿಂದ) ಬರುವ ಹೈಡ್ರಾಕ್ಸಿಅಪಟೈಟ್ ಲೇಪನ ಹತ್ತಾರು ಮೈಕ್ರೋಮೀಟರ್ ದಪ್ಪದ, ಹೊರಗಿನಿಂದ ಅಂಟಿಸಿದ ಪಿಂಗಾಣಿಯಂಥ ಪದರ. ಪ್ಲಾಸ್ಮಾದ ವಿಪರೀತ ಶಾಖಕ್ಕೆ ಪುಡಿಯ ಒಂದು ಭಾಗ ಹರಳುರೂಪ ಕಳೆದುಕೊಳ್ಳುತ್ತದೆ, ಆ ಭಾಗ ದೇಹದ್ರವದಲ್ಲಿ ಬೇಗ ಕರಗುತ್ತದೆ, ಲೋಹ ಮತ್ತು ಲೇಪನದ ಸಂದಿಯಲ್ಲಿ ಸಿಪ್ಪೆ ಏಳುವ ಅಪಾಯವೂ ಇರುತ್ತದೆ. ಕ್ಯೋಟೊ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ಅವರ ಬಳಗ ತೋರಿಸಿದ ಕ್ಷಾರ ಸಂಸ್ಕರಣೆಯಲ್ಲಿ ಲೋಹವನ್ನು 5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ 24 ಗಂಟೆ ಇಟ್ಟು, ತೊಳೆದು, 600 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುತ್ತಾರೆ. ಅಲ್ಲಿ ಹುಟ್ಟುವ ಸೋಡಿಯಂ ಟೈಟನೇಟ್ ಪದರ ಲೋಹದಿಂದಲೇ ಬೆಳೆದು ಒಳಗೆ ಹೋದಂತೆ ಕ್ರಮೇಣ ಲೋಹವಾಗುತ್ತದೆ, ಥಟ್ಟನೆ ಬದಲಾಗುವ ಗಡಿಯೇ ಇರುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಕುಲುಮೆಯಿದ್ದರೆ ಸಾಕು. ನಾನಾದರೆ ಇದನ್ನೇ ಆರಿಸುತ್ತೇನೆ.

ಮುಂದೆ ಫ್ಲೋರೈಡ್ ದ್ರಾವಣದಲ್ಲಿ ನ್ಯಾನೋಕೊಳವೆ ಬೆಳೆಸುವ ಆಸೆಯಾದರೆ ಒಂದನ್ನು ನೆನಪಿಡಿ: ಈ ಮಿಶ್ರಲೋಹದಲ್ಲಿ ಆಲ್ಫಾ, ಬೀಟಾ ಎಂಬ, ಹರಳು ರಚನೆ ಬೇರೆ ಬೇರೆಯಾದ ಎರಡು ಭಾಗಗಳಿದ್ದು, ವೆನೇಡಿಯಂ ತುಂಬಿದ ಬೀಟಾ ಭಾಗ ಬೇಗ ಕರಗುವುದರಿಂದ ಕೊಳವೆಗಳು ಎಲ್ಲೆಡೆ ಒಂದೇ ಸಮನಾಗಿ ಬರುವುದಿಲ್ಲ. ಅಂದ ಹಾಗೆ, ಈ ಯಾವ ಸಂಸ್ಕರಣೆಯೂ ಲೋಹದ ಬಿಗುವನ್ನು (ಒತ್ತಡಕ್ಕೆ ಬಾಗದಿರುವ ಗುಣವನ್ನು) ಬದಲಿಸುವುದಿಲ್ಲ. ಅದು ಸುಮಾರು 110 ಗಿಗಾಪಾಸ್ಕಲ್‌ನಲ್ಲಿಯೇ ಇದ್ದು, ಮೂಳೆಗಿಂತ ಹಲವು ಪಟ್ಟು ಹೆಚ್ಚಾಗಿಯೇ ಉಳಿಯುತ್ತದೆ. ಪ್ರಬಂಧದ ಪೀಠಿಕೆಯಲ್ಲಿ ಲೋಹ ಮತ್ತು ಮೂಳೆಯ ಬಿಗುವಿನ ಈ ಅಂತರವನ್ನು ಪರಿಹರಿಸಿದೆನೆಂದು ಬರೆಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನೇರಳಾತೀತ ದೀಪದಡಿ ಇಟ್ಟ ಬಿಲ್ಲೆಯ ಕೋನ 20 ಡಿಗ್ರಿಗಿಂತ ಕೆಳಗಿಳಿಯಿತು. ಕ್ಷಾರ ಸಂಸ್ಕರಣೆಯ ಬಳಿಕ ಕೃತಕ ದೇಹದ್ರವದಲ್ಲಿ ಅಪಟೈಟ್ ಬೆಳೆದರೆ ಮೇಲ್ಮೈ ಜೈವಿಕವಾಗಿ ಹೊಂದಿಕೊಳ್ಳುತ್ತದೆಂದು ಹೇಳಬಹುದೇ?

ಉತ್ತರ 1ನ್ನು ಬರೆದವರು

ಹೇಳಲಾಗದು. ಆ ದ್ರವದಲ್ಲಿ ರಕ್ತದ ಪ್ಲಾಸ್ಮಾಕ್ಕೆ ಹತ್ತಿರವಾದ ಅಯಾನುಗಳಿವೆಯೇ ಹೊರತು ಪ್ರೋಟೀನೂ ಇಲ್ಲ, ಜೀವಕೋಶವೂ ಇಲ್ಲ. ಅಪಟೈಟ್ ಬೆಳೆಯುವ ಸಾಮರ್ಥ್ಯವಿದೆ ಎಂದಷ್ಟೇ ಬರೆದು, ಜೀವಕೋಶ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸಿ. ದ್ರವವನ್ನು 36.5 ಡಿಗ್ರಿಯಲ್ಲಿ, ಪಿಎಚ್ 7.4ರಲ್ಲಿ ಇರಿಸಿ, ಸಂಸ್ಕರಿಸಿದ ಮುಖ ಕೆಳಗೆ ಬರುವಂತೆ ಬಿಲ್ಲೆಯನ್ನು ನಿಲ್ಲಿಸಿ. ಮೇಲ್ಮುಖವಾಗಿಟ್ಟರೆ ದ್ರವದಲ್ಲಿ ತಾನಾಗಿ ಗಟ್ಟಿಯಾಗಿ ಬೇರ್ಪಡುವ ಪುಡಿ ಅದರ ಮೇಲೆ ಬಿದ್ದು, ಅದನ್ನೇ ನೀವು ಬೆಳವಣಿಗೆಯೆಂದು ಎಣಿಸುವಿರಿ. ಬಾಟಲಿಯ ಗೋಡೆಗೂ ಬಿಳಿ ಪದರ ಹತ್ತಿದ್ದರೆ ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯದೆ, ದ್ರವವನ್ನು ಹೊಸದಾಗಿ ತಯಾರಿಸಿ.