ಸಹಾಯ ಬೇಕು: ಹಾರ್ಡ್ ಡಿಸ್ಕ್ ಹಾಕಿದರೆ ಮಾನಿಟರ್ ಕಪ್ಪಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪ್ಯಾಟರ್ನ್ ಬಿಡಿಸಿಕೊಡುವುದು ನನ್ನ ಕೆಲಸವಾಗಿದ್ದು, ಉಬುಂಟು 22.04 (ಲಿನಕ್ಸ್) ಇರುವ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿಗೆ ಹಬ್ (ಒಂದೇ ಪೋರ್ಟಿಗೆ ಹಲವು ಸಾಧನ ಜೋಡಿಸುವ ಪೆಟ್ಟಿಗೆ) ಹಾಕಿ, ಅದರ ಎಚ್‌ಡಿಎಂಐ ಮೂಲಕ 24 ಇಂಚಿನ ಮಾನಿಟರ್ ಜೋಡಿಸಿಕೊಂಡಿದ್ದೇನೆ. ಮೌಸ್, ಕೀಬೋರ್ಡ್ ಮಾತ್ರ ಇದ್ದಾಗ ಯಾವ ತೊಂದರೆಯೂ ಇಲ್ಲ. ಅದೇ ಹಬ್‌ಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹಾಕಿದೊಡನೆ ಪರದೆ ಎರಡು ಸಲ ಮಿನುಗಿ ‘ನೋ ಸಿಗ್ನಲ್’ ಎಂದು ತೋರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಿಂದಲೂ ಮಾನಿಟರಿನ ಹೆಸರು ಮಾಯವಾಗುತ್ತದೆ. ಡಿಸ್ಕ್ ತೆಗೆದರೂ, ಹಬ್ಬನ್ನೇ ಕಿತ್ತು ಮತ್ತೆ ಹಾಕುವವರೆಗೆ ಚಿತ್ರ ಮರಳುವುದಿಲ್ಲ.

ಕೇಬಲ್ ಬದಲಿಸಿದೆ, ಪರದೆಗೆ ಚಿತ್ರ ಮೂಡಿಸುವ ವ್ಯವಸ್ಥೆಯಾದ ವೇಲ್ಯಾಂಡ್ ಬಿಟ್ಟು ಅದರ ಬದಲಿಯಾದ ಎಕ್ಸ್‌ಆರ್ಗ್‌ನಲ್ಲಿ ಲಾಗಿನ್ ಆದೆ, ಹಳೆಯ ಕರ್ನಲ್‌ನಿಂದಲೂ (ಲಿನಕ್ಸ್‌ನ ತಿರುಳು) ಬೂಟ್ ಮಾಡಿದೆ, ಫಲ ಒಂದೇ. ವಿಂಡೋಸ್ ಹಾಕಿಕೊಳ್ಳಿ ಎಂಬ ಸಲಹೆಯನ್ನು ಅಂಗಡಿಯವರಿಂದ ಈಗಾಗಲೇ ಪಡೆದಿದ್ದೇನೆ.

ಡಿಸ್ಕ್ ಹಾಕಿದ ಕ್ಷಣದಲ್ಲಿ ಇಡೀ ಹಬ್ ಕಳಚಿ ಮತ್ತೆ ಸೇರಿದಂತೆ ಕರ್ನಲ್ ಲಾಗ್ ಹೇಳುತ್ತಿರುವುದರಿಂದ ವಿದ್ಯುತ್ ಕೊರತೆಯೆಂದು ಭಾವಿಸಿದ್ದೆ, ಆದರೆ ಹಬ್‌ಗೆ ಚಾರ್ಜರ್ ಕೊಟ್ಟಾಗಲೂ ಹೀಗೇ ಆಗುತ್ತಿದೆ. ಟೈಪ್-ಸಿಯ ನಾಲ್ಕು ಲೇನ್‌ಗಳಲ್ಲಿ (ಡೇಟಾ ಹರಿಯುವ ತಂತಿ ಜೋಡಿಗಳಲ್ಲಿ) ಯುಎಸ್‌ಬಿ 3 ವೇಗಕ್ಕೆಂದು ಹಬ್ ಎರಡನ್ನು ಇಟ್ಟುಕೊಂಡರೂ, 60 ಹರ್ಟ್ಸ್‌ನ 1920×1080 ಚಿತ್ರಕ್ಕೆ ಉಳಿದ ಎರಡು ಲೇನ್ ಸಾಕಲ್ಲವೇ?

ದೋಷ ಹಬ್ಬಿನದೋ ಡ್ರೈವರಿನದೋ ಎಂದು ಖಚಿತಪಡಿಸಿಕೊಳ್ಳಲು ಲಾಗ್‌ನಲ್ಲಿ ನಾನು ಯಾವ ಸಾಲನ್ನು ಹುಡುಕಬೇಕು, ಹೊಸ ಹಬ್ ಕೊಳ್ಳುವ ಮೊದಲು ಬದಲಿಸಿ ನೋಡಬಹುದಾದ ಸೆಟ್ಟಿಂಗ್ ಯಾವುದಾದರೂ ಇದೆಯೇ?